ಟವಲ್ ಕೆಳಗಿನ ಮಾತು

ಸೆಪ್ಟೆಂಬರ್ 3

ಹಾಸ್ಟೆಲ್‌ನಲ್ಲಿ ಏಳು ವರ್ಷ ದಿನಾ ಸಂಜೆ ವಾರ್ಡನ್ ಮೇಡಂಗೆ ಡೈರಿ ತೋರಿಸಬೇಕಿತ್ತು. ಎದ್ದದ್ದು, ತಿಂದದ್ದು, ಓದಿದ್ದು. ಖಾಲಿ ಬಿಟ್ಟರೆ ಕೆಂಪು ಗೆರೆ. ಈಗ ಕೇಳುವವರು ಯಾರೂ ಇಲ್ಲ, ಆದರೂ ಬರೆಯದೆ ಮಲಗಿದರೆ ನಲ್ಲಿ ಬಂದ್ ಮಾಡದೆ ಬಂದ ಹಾಗೆ ಕಸಿವಿಸಿ. ಅದಕ್ಕೇ ಕೆಮಿಸ್ಟ್ರಿ ರೆಕಾರ್ಡ್ ತರುವಾಗ ಈ ನೋಟ್‌ಬುಕ್ಕನ್ನೂ ತಂದೆ.

ಇವತ್ತಿನ ಮುಖ್ಯ ವಿಷಯ: ನಾನು ಮೋಸ ಹೋಗಿದ್ದೇನೆ. ಮೋಸ ಮಾಡಿದವರು ಯಾರೂ ಇಲ್ಲ, ಅದೇ ಕಷ್ಟ.

ಏಪ್ರಿಲ್‌ನಲ್ಲಿ ಮೈಲಾರೇಶ್ ಹೆಣ್ಣು ನೋಡಲು ನಮ್ಮೂರು ಬಾಗಳಿಗೆ ಬಂದಾಗ ನಾನೇ ನೇರವಾಗಿ ಕೇಳಿದ್ದೆ, ಕುಡಿತೀರಾ ಅಂತ. ಅವ್ವ ನನ್ನ ತೊಡೆ ಚಿವುಟಿದರೂ ಕೇಳಿದ್ದೆ. ಅವರು ತಲೆ ಕೆರೆದುಕೊಂಡು, "ಸುಳ್ಳ್ಯಾಕ ಹೇಳ್ಲಿ, ಸಂತಿ ದಿನ ಒಂದೀಟು ತಗಂತೀನಿ. ಬ್ಯಾರೆ ದಿನ ಮುಟ್ಟಂಗಿಲ್ಲ" ಅಂದಿದ್ದರು. ನಿಜ ಹೇಳುವ ಹುಡುಗ ಎಂದು ಖುಷಿಯಾಗಿತ್ತು. ಅವ್ವ ವಾರಕ್ಕೊಮ್ಮೆ ಹರಪನಹಳ್ಳಿ ಸಂತೆಗೆ ಹೋಗಿ ಬರುತ್ತಿದ್ದಳು. ಸಂತೆ ಎಂದರೆ ವಾರಕ್ಕೊಂದು ಎಂದೇ ನನ್ನ ತಲೆಯಲ್ಲಿ. ವಾರಕ್ಕೊಂದು ದಿನ ತಾನೇ, ಡಿಗ್ರಿ ಓದಿಸುತ್ತೇನೆಂದೂ ಹೇಳುತ್ತಿದ್ದಾರೆ, ಒಪ್ಪಿಕೊಂಡೆ.

ಮದುವೆಯಾದ ಹೊಸದರಲ್ಲಿ ಅವರು ಸಂತೆಗೇ ಹೋಗಲಿಲ್ಲ. ಆಷಾಢಕ್ಕೆ ತವರಿಗೆ ಹೋದವಳು ಕೂಡ್ಲಿಗಿ ಕಾಲೇಜು ಶುರುವಾದ ಮೇಲೆ, ಹೋದ ವಾರ, ಕಾನಹೊಸಹಳ್ಳಿಯ ಅವರ ಮನೆಗೆ ಬಂದೆ. ಇವತ್ತು ಬುತ್ತಿ ಕಟ್ಟುತ್ತಾ ಕೇಳಿದೆ, "ಸಂತೆ ನಿನ್ನೇನೇ ಆಯ್ತಲ್ಲ. ಇವತ್ತೆಲ್ಲಿಗೆ?"

"ಸಂತಿಗೆ."

"ದಿನಾ ಸಂತೇನಾ?"

"ಲೇ ಮೇಡಂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದೂರು, ಐದು ಸಂತಿ. ಕುರಿ ದಲ್ಲಾಳಿ ಮನ್ಯಾಗ ಕುಂತ್ರ ಕುರಿ ತಾವಾಗೇ ಮಾರಿಕೆಂತಾವೇನು?"

"ಮತ್ತೆ ಸಂತೆ ದಿನ ಮಾತ್ರ ಅಂದ್ರಲ್ಲ?"

"ಹೌದಲ್ಲ. ಉಳದೆರಡು ದಿನ ವಾಸ್ನಿ ಸೈತ ನೋಡಂಗಿಲ್ಲ!" ಎಂದು ಹೆಮ್ಮೆಯಿಂದ ಹೇಳಿ ಬೈಕ್ ಹತ್ತಿದರು.

ಸಂತೆ ಎಷ್ಟು ಅಂತ ಕೇಳಬೇಕಿತ್ತು. ಪಿಯುಸಿಯಲ್ಲಿ ಎಂಬತ್ತೆಂಟು ಪರ್ಸೆಂಟ್ ತೆಗೆದವಳು ನಾನು.

ಸೆಪ್ಟೆಂಬರ್ 6

ಟೆನ್ಶನ್ ಆದಾಗ ಟೇಬಲ್ ಹಾಕಬೇಕು, ಮನಸ್ಸು ನಿಲ್ಲುತ್ತದೆ. ಹಾಕಿದ್ದೇನೆ. ದಿನಾಂಕ, ಊರು, ಬಂದ ಹೊತ್ತು, ವಾಸನೆ (ಇಲ್ಲ / ಸ್ವಲ್ಪ / ಜಾಸ್ತಿ), ಷರಾ.

ವಾಸನೆ ಪತ್ತೆ ಮಾಡುವುದು ಹಾಸ್ಟೆಲ್ ವಿದ್ಯೆ. ಹುಣಸೆಹಣ್ಣು ಕದ್ದ ಹುಡುಗಿಯರ ಬಾಯಿ ತೆರೆಸಿ ವಾರ್ಡನ್ ಮೇಡಂ ಮೂಸುತ್ತಿದ್ದರು. ಇವತ್ತು ಏಳು ಗಂಟೆಗೆ ಅವರು ಬಂದ ಕೂಡಲೇ ಬಾಗಿಲಲ್ಲೇ ನಿಲ್ಲಿಸಿ, "ಆ ಅನ್ನಿ" ಅಂದೆ.

"ನಾ ಏನು ಕುರಿ ಅಂದ್ಕಂಡೀ? ಹಲ್ಲು ನೋಡಿ ವಯಸ್ಸು ಹೇಳಾಕ?" ಅಂದರು. ಅಂದು ಬಾಯನ್ನೂ ತೆರೆದರು. ಜಾಸ್ತಿ.

ಷರಾ ಕಾಲಂನಲ್ಲಿ ಏನು ಬರೆಯಲಿ? ಕುಡಿದು ಬಂದರೆ ಅವರು ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹಿತ್ತಲ ದೊಡ್ಡಿಗೆ ಹೋಗಿ ಮನೆಯ ಆರು ಕುರಿಗಳ ಹತ್ತಿರ ಒಂದೊಂದಾಗಿ ಕ್ಷಮೆ ಕೇಳುತ್ತಾರೆ. "ನಿನ್ನ ಮಾರಂಗಿಲ್ಲ ಬಿಡವ್ವ, ನೀ ನಮ್ಮ ಮನಿ ಹೆಣ್ಮಗಳು." ಕುರಿ ಮೆಲುಕು ಹಾಕುತ್ತಾ ಕೇಳಿಸಿಕೊಳ್ಳುತ್ತದೆ. ನನಗೆ ನಗು ಬಂತು. ಆಮೇಲೆ ಭಯವಾಯಿತು. ಅಪ್ಪನೂ ಮೊದಮೊದಲು ಬರೀ ಹಾಡುತ್ತಿದ್ದ.

ಅಪ್ಪನ ವಿಷಯ ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ 13

ವಾರದ ಡೇಟಾ: ಐದಕ್ಕೆ ಐದು.

ಕಾಲೇಜಿನಲ್ಲಿ ರೇಣುಕಾ ಪಕ್ಕ ಕೂರುತ್ತಾಳೆ. ಅವಳಿರುವುದು ಹಾಸ್ಟೆಲ್‌ನಲ್ಲಿ. ಟೇಬಲ್ ತೋರಿಸಿದೆ. ಅವಳು ಗಂಭೀರವಾಗಿ ನೋಡಿ, "ಇದ್ರಾಗ ಗ್ರಾಫ್ ಚಲೋ ಬರ್ತೈತಿ ನೋಡು, ಸ್ಟ್ರೇಟ್ ಲೈನ್" ಅಂದಳು. ನಾನು ನಗಲಿಲ್ಲ ಎಂದು ಗೊತ್ತಾದ ಮೇಲೆ ಬ್ಯಾಗಿನಿಂದ ಒಂದು ಫಾರಂ ಕೊಟ್ಟಳು. ಹಾಸ್ಟೆಲ್ ಅರ್ಜಿ. ಇನ್ನೂ ಸೀಟು ಇವೆಯಂತೆ, ಕೊನೆಯ ದಿನ ಅಕ್ಟೋಬರ್ 25.

"ಮದುವೆ ಆದೋರಿಗೆ ಕೊಡ್ತಾರಾ?"

"ಅದ್ರಾಗ ಆ ಕಾಲಮ್ಮೇ ಇಲ್ಲ."

ನೋಡಿದೆ, ನಿಜವಾಗಿಯೂ ಇಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಒಂದು ಫಾರಂ ತುಂಬಿ ಒಂದು ಮನೆಯಿಂದ ಹೊರಬಿದ್ದೆ. ಇನ್ನೊಂದು ತುಂಬಲು ಎಷ್ಟು ಹೊತ್ತು? ಅಕ್ಟೋಬರ್ 25ರವರೆಗೆ ನೋಡುತ್ತೇನೆ. ಅಷ್ಟರಲ್ಲಿ ಟೇಬಲ್ ಬದಲಾಗದಿದ್ದರೆ ಟ್ರಂಕ್ ತೆಗೆದುಕೊಂಡು ಹೊರಡುವುದೇ.

ಸೆಪ್ಟೆಂಬರ್ 20

ಮೊನ್ನೆ ದೇವರ ಜಗುಲಿಯ ಮೈಲಾರಲಿಂಗನ ಭಂಡಾರದ ಬಟ್ಟಲು ತಂದು ಅವರ ಮುಂದೆ ಹಿಡಿದಿದ್ದೆ. ಆ ಅರಿಶಿನ ಮುಟ್ಟಿ ಆಣೆ ಮಾಡಿದರೆ ಈ ಮನೆಯಲ್ಲಿ ಯಾರೂ ತಪ್ಪುವುದಿಲ್ಲ ಎಂದುಕೊಂಡಿದ್ದೆ. ಅವರು ಮುಟ್ಟಿದರು, ಹಣೆಗೆ ಹಚ್ಚಿಕೊಂಡರು, "ಇನ್ನ ಮುಟ್ಟಂಗಿಲ್ಲ" ಅಂದರು. ಪೆನ್ನು ಕೇಳಿದರೆ ಕೊಡುವಷ್ಟು ಸಲೀಸಾಗಿ. ಆಗಲೇ ಅನುಮಾನ ಬರಬೇಕಿತ್ತು.

ಇವತ್ತು ಹಡಗಲಿಯಿಂದ ಬಂದು ಮತ್ತೆ ಕುರಿಗಳ ಕ್ಷಮಾಪಣೆ.

"ಭಂಡಾರ ಮುಟ್ಟಿದ್ರಲ್ಲ!"

"ಮೈಲಾರಪ್ಪ ನಮ್ಮವನೇ. ತಿಳ್ಕಂತಾನ."

ಅತ್ತೆ ತಿಪ್ಪೇರುದ್ರಮ್ಮ ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತದೆ ಹೇಳಿದರು. "ಇವನ ಆಣಿ ಕೇಳಿ ಕೇಳಿ ದೇವ್ರಿಗೂ ಸಾಕಾಗೈತಿ. ಯವ್ವ ಸಂಗೀತಾ, ದಲ್ಲಾಳಿ ಬಾಯಾಗ ಆಡಿದ್ದು ಮಾತಲ್ಲ. ಟವಲ್ ಕೆಳಗ ಕೈ ಕೊಟ್ಟಿದ್ದು ಮಾತು. ಅದನ್ನ ಮುರದ್ರ ಐದು ಸಂತ್ಯಾಗ ಒಬ್ರೂ ಇವಂಗ ಟಗರಿನ ಬಾಲ ತೋರ್ಸಂಗಿಲ್ಲ."

ಕುರಿ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲವಂತೆ. ಇಬ್ಬರ ಕೈ ಮೇಲೆ ಒಂದು ಟವಲ್ ಹಾಕಿಕೊಂಡು ಒಳಗೆ ಬೆರಳು ಹಿಡಿದು ಕೇಳುವುದು, ಹಿಡಿದು ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯದು. ಕುದುರಿದ ರೇಟನ್ನು ಆಮೇಲೂ ಯಾರೂ ಹೊರಗೆ ಹೇಳುವಂತಿಲ್ಲ.

"ಅತ್ತೀ, ನನಗೆ ಕಲಿಸ್ತೀರಾ?"

ಅವರು ಹಿಟ್ಟಿನ ಕೈ ತೊಳೆದುಕೊಂಡು ಬಂದರು.

ಸೆಪ್ಟೆಂಬರ್ 22

ಎರಡು ದಿನದ ಕೋಚಿಂಗ್ ಮುಗಿಯಿತು. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಅಂಗೈಯಾದರೆ ಐದು, ನಡು ಗೆಣ್ಣು ಚಿವುಟಿದರೆ ಅರ್ಧ. ಅಂಗೈ ಕೆರೆದರೆ 'ಆಗದು'. ಮುಷ್ಟಿ ಮಾಡಿ ಒತ್ತಿದರೆ ಮುಗಿಯಿತು, ಪಕ್ಕಾ. ನೆನಪಿಗಿರಲಿ ಎಂದು ಕೈಗೆ ಸಿಕ್ಕ ಹಾಳೆಯ ಹಿಂದೆ ಚಿತ್ರ ಬರೆದುಕೊಂಡೆ.

"ಮಾರಿ ಗ್ವಾಡಿ ಕಡೆ ಇರ್ಬೇಕು. ಕೈ ಏನು ಮಾಡಾಕತ್ತೈತಿ ಅಂತ ಮಾರಿಗೆ ಗೊತ್ತೇ ಇರಬಾರದು" ಎನ್ನುತ್ತಾರೆ ಅತ್ತೆ, ಮುಖ ಗೋಡೆಗೆ ತಿರುಗಿಸಿ ತೋರಿಸುತ್ತಾ. ಮಾವನೂ ದಲ್ಲಾಳಿ. ನನ್ನ ಮದುವೆಗೆ ಎಷ್ಟೋ ವರ್ಷ ಮೊದಲೇ ಹೋದರು. "ಅವ್ರನ್ನ ಐದು ಸಂತಿಯಿಂದ ಒಂದಕ್ಕ ಇಳಸಾಕ ನನಗ ಹನ್ನೆರಡು ವರ್ಷ ಹಿಡೀತು."

ಹನ್ನೆರಡು ವರ್ಷ! ನನಗೆ ಮೂವತ್ತೊಂದಾಗಿರುತ್ತದೆ.

ಸೆಪ್ಟೆಂಬರ್ 24

ಉಂಡು ಕೈ ತೊಳೆದ ಮೇಲೆ ಅವರದೇ ಕೆಂಪು ಟವಲ್ ತಂದು ಎದುರು ಕೂತೆ. "ವಾರಕ್ಕೆ ಎಷ್ಟು ದಿನ ಕುಡಿಯೋದು, ಅದರ ವ್ಯಾಪಾರ. ಕೈ ಕೊಡ್ರಿ" ಅಂದೆ. ಮೊದಲು ನಕ್ಕರು. ಟವಲ್ ಹಾಸಿದ ಕೂಡಲೇ ಮುಖವೇ ಬದಲಾಯಿತು. ಬೇರೆ ಯಾರೋ ಬಂದು ಕೂತ ಹಾಗೆ. ಕಣ್ಣು ಗೋಡೆಯ ಮೇಲೆ.

ನಾನು ಎರಡು ಬೆರಳು ಹಿಡಿದೆ. ಅಂಗೈ ಕೆರೆದರು. ಕಚಗುಳಿಗೆ ನಗು ತಡೆಯಲಾಗಲಿಲ್ಲ. ಅವರು ಐದು. ನಾನು ಎರಡು. ಅವರು ನಾಲ್ಕು. ನಾನು ಎರಡೂವರೆ, ಗೆಣ್ಣು ಜೋರಾಗಿಯೇ ಚಿವುಟಿದೆ. ಕೊನೆಗೆ ಮೂರಕ್ಕೆ ಮುಷ್ಟಿ ಒತ್ತಿದರು.

ಐದರಿಂದ ಮೂರು! ಓಡಿಹೋಗಿ ಅತ್ತೆಗೆ ಹೇಳಿದೆ. (ಹೇಳಬಾರದಿತ್ತು, ರೂಲ್ಸ್ ಪ್ರಕಾರ.) ಅವರು ಹಣೆ ಬಡಿದುಕೊಂಡರು. "ಎರಡಕ್ಕ ಸುರು ಮಾಡಿದೇನು? ಹುಚ್ಚಿ! ಬರೀ ಸೊನ್ನಿಯಿಂದ ಸುರು ಮಾಡ್ಬೇಕಿತ್ತು. ತಗಳ್ಳೋರು ಯಾರರ ತಾವಾಗೇ ರೇಟ್ ಏರಸ್ತಾರೇನು? ಓದಿದ ಹುಡುಗಿ ಅಂತ ತಂದೆ!"

ಸೆಪ್ಟೆಂಬರ್ 30

ವಾರಕ್ಕೆ ಮೂರೇ ದಿನ. ಮಾತು ಉಳಿಸಿಕೊಂಡಿದ್ದಾರೆ. ಆದರೆ ಆ ಮೂರು ದಿನ ಐದು ದಿನದ್ದನ್ನು ಕುಡಿದು ಬರುತ್ತಾರೆ. ಮೊದಲು ಆರು ಕುರಿಗಳಿಗೆ ಕ್ಷಮೆ ಕೇಳುತ್ತಿದ್ದವರು ಇವತ್ತು ಪಕ್ಕದ ಮನೆಯ ಮೇಕೆಗಳಿಗೂ ಕೇಳಿ ಬಂದರು.

ನಾನು ದಿನಕ್ಕೆ ರೇಟ್ ಹಿಡಿದೆ, ಅಳತೆಗೆ ಹಿಡಿಯಲಿಲ್ಲ. ಬ್ಯುರೆಟ್ ರೀಡಿಂಗ್‌ನಲ್ಲೂ ನನ್ನದು ಇದೇ ಮಿಸ್ಟೇಕ್, ಯೂನಿಟ್ ಬರೆಯುವುದಿಲ್ಲ.

ಅಕ್ಟೋಬರ್ 2

ಇವತ್ತು ಸಂತೆಯಿಂದ ಶುದ್ಧವಾಗಿ ಬಂದು, "ನೋಡು, ಇವತ್ತು ನಾ ಬಿಟ್ಟ ದಿನ. ಬರ್ಕ" ಎಂದು ಎದೆ ಉಬ್ಬಿಸಿದರು.

"ಗಾಂಧಿ ಜಯಂತಿಗೆ ಅಂಗಡೀನೇ ತೆಗೆದಿರಲ್ಲ. ಇದು ಲೆಕ್ಕಕ್ಕಿಲ್ಲ."

"ಅಂಗಡಿ ಹಿಂದಿನ ಬಾಗಲು ತಗದಿತ್ತು. ನಾ ಹೋಗ್ಲಿಲ್ಲ. ಅರ್ಧ ಮಾರ್ಕರ ಕೊಡು."

ಅರ್ಧ ಕೊಟ್ಟೆ. ಟೇಬಲ್‌ನಲ್ಲಿ ಅರ್ಧ ಬರೆಯಲು ಜಾಗವಿಲ್ಲ, ಗೆರೆಯ ಮೇಲೆ ಬರೆದೆ.

ಅಕ್ಟೋಬರ್ 8

ಕೆಟ್ಟ ದಿನ. ಈ ವಾರದ ಮೂರು ದಿನ ಆಗಲೇ ಮುಗಿದಿದ್ದವು. ಇವತ್ತು ಕೊಟ್ಟೂರಿನಿಂದ ಬಂದವರ ಅಂಗಿ ಬ್ರಾಂದಿ ವಾಸನೆ. ಎದೆ, ಕಾಲರ್, ಎಲ್ಲ ಕಡೆ.

"ಕುಡಿದಿದ್ದೀರಾ?"

"ಇಲ್ಲ."

"ಟವಲ್ ಕೆಳಗೆ ಮಾತು ಕೊಟ್ಟಿದ್ರಲ್ಲ."

"ಇಲ್ಲ ಅಂದ್ನೆಲ್ಲ."

"ನಮ್ಮಪ್ಪನೂ ಹಿಂಗೇ ಅಂತಿದ್ದ."

ಅವರು ಒಳಗೆ ನಡೆದರು. ಅಂಗಿ ಬಿಚ್ಚಿ ಬಕೆಟ್‌ಗೆ ಹಾಕಿ, ಉಣ್ಣದೆ ಮಲಗಿದರು. ಕುರಿಗಳ ಹತ್ತಿರ ಹೋಗಲೇ ಇಲ್ಲ.

ಫಾರಂ ತುಂಬಿದ್ದೇನೆ. ಹೆಸರು: ಸಂಗೀತಾ. ಊರು ಎಂಬಲ್ಲಿ ಬಾಗಳಿ ಎಂದೇ ಬರೆದೆ.

ಅಕ್ಟೋಬರ್ 9

ಅವರು ಬುತ್ತಿ ಬಿಟ್ಟು ಹೋದರು. ನಾನೂ.

ಅಕ್ಟೋಬರ್ 15

ಕಣ್ಣಾರೆ ಹಿಡಿಯಬೇಕೆಂದು ಕಾಲೇಜು ತಪ್ಪಿಸಿ ಕೊಟ್ಟೂರು ಬಸ್ ಹತ್ತಿದೆ. ಜೀವನದಲ್ಲಿ ಮೊದಲ ಬಂಕ್. ಈ ವಾರವೂ ಮೂರು ಆಗಿಹೋಗಿತ್ತು, ಇವತ್ತು ಕುಡಿದರೆ ಸಾಕ್ಷಿ ಸಮೇತ ಸಿಗುತ್ತಾರೆ. ಕುರಿ ಸಂತೆಯಲ್ಲಿ ಮೂಗಿಗೆ ವೇಲ್ ಕಟ್ಟಿಕೊಂಡು ಮೇವಿನ ಟೆಂಪೋ ಮರೆಗೆ ನಿಂತೆ. ಒಂದು ಹೋತ ನನ್ನ ಬ್ಯಾಗಿನೊಳಗೆ ಬಾಯಿ ಹಾಕಿ ಏನೋ ತಿನ್ನುತ್ತಿದ್ದರೂ ಅಲುಗಾಡಲಿಲ್ಲ.

ವ್ಯಾಪಾರ ಕುದುರಿತು. ಪದ್ಧತಿಯಂತೆ ಎಲ್ಲರೂ ಬಯಲಿನ ಆಚೆ ಬೇವಿನ ಮರದ ಕೆಳಗೆ ಕೂತು ನೈಂಟಿ ಒಡೆದರು. ಇವರು ಗೋಲಿ ಸೋಡಾ ಹಿಡಿದು ಪಕ್ಕದಲ್ಲಿ ಕೂತಿದ್ದರು. ಹುಲುಗೇಶ ಎಂಬ ಇನ್ನೊಬ್ಬ ದಲ್ಲಾಳಿ ಎಲ್ಲರಿಗೂ ಕೇಳುವಂತೆ ಕೂಗಿದ. "ನಮ್ಮ ಮೈಲಾರೇಶ ಹೇಣ್ತಿ ಕೈಯಾಗ ಟವಲ್ ಕೊಟ್ಟಾನಂತ ನೋಡ್ರಪಾ! ಬಾಯಿಗಿ ಬ್ಯಾಡಂದ್ರ ಮೈಗರ ಹಾಕ್ಯಾ!" ಎಂದು ಗ್ಲಾಸಿನಲ್ಲಿದ್ದುದನ್ನು ಇವರ ಅಂಗಿಗೆ ಚಿಮುಕಿಸಿದ. ಎಲ್ಲರೂ ನಕ್ಕರು. ಇವರೂ ನಕ್ಕರು. "ಹೋದ ವಾರದ್ದ ಇನ್ನಾ ಹೋಗಿಲ್ಲಲೇ, ಸೋಪು ನೀ ಕೊಡ್ಸು" ಅಂದರು.

ಆಮೇಲೆ ಕುರಿ ತಂದಿದ್ದ ಮುದುಕ ಮುಂದಿನ ವಾರಕ್ಕೆ ಹುಲುಗೇಶನನ್ನೇ ಗೊತ್ತು ಮಾಡಿಕೊಂಡು ಎದ್ದುಹೋದ. ಜೊತೆಗೆ ಕುಡಿಯದವನ ಜೊತೆ ಏನು ವ್ಯಾಪಾರ ಎಂಬ ಹಾಗೆ. ಇವರು ಸೋಡಾ ಬಾಟಲಿಯ ಗೋಲಿ ಅಲ್ಲಾಡಿಸುತ್ತಾ ಒಬ್ಬರೇ ಕೂತಿದ್ದರು.

ನಾನು ಮೊದಲ ಬಸ್ಸಿಗೆ ಬಂದುಬಿಟ್ಟೆ.

ಅಕ್ಟೋಬರ್ 16

ಎರಡೂ ಅಂಗಿಗಳನ್ನು ಮೂರು ಸಲ ತಿಕ್ಕಿ ತೊಳೆದೆ. ಇವರು ನೋಡುತ್ತಾ ನಿಂತು, "ಏನು ಮೇಡಂ, ಲ್ಯಾಬ್ ರಿಪೋರ್ಟ್ ಬಂತೇನು?" ಅಂದರು.

"ಸಾರಿ."

"ಕೇಳ್ಸಲಿಲ್ಲ."

ಹೆಗಲ ಮೇಲಿದ್ದ ಟವಲ್ ಎಳೆದು ಅವರ ಕೈ ಮೇಲೆ ಹಾಕಿ, ಕಿರುಬೆರಳು ಹಿಡಿದು ಒತ್ತಿದೆ. ಸಾರಿಗೆ ಯಾವ ಬೆರಳು ಎಂದು ಅತ್ತೆ ಕಲಿಸಿರಲಿಲ್ಲ.

ಅಕ್ಟೋಬರ್ 19

ನಿನ್ನೆ ಅವರ 'ಕುಡಿಯುವ ದಿನ'. ಹಡಗಲಿಯಿಂದ ಬರುತ್ತಾ ಊರು ಇನ್ನೊಂದು ಮೈಲಿ ಇರುವಾಗ ಬೈಕ್ ಸಮೇತ ಜಾಲಿ ಪೊದೆಗೆ ಬಿದ್ದಿದ್ದಾರೆ. ಬಲಗೈಯ ಕಿರುಬೆರಳು, ಉಂಗುರ ಬೆರಳು ಮುರಿದಿವೆ. ಮೊಣಕೈವರೆಗೆ ಪ್ಲಾಸ್ಟರ್. ಎಡಕ್ಕೆ ಬಿದ್ದಿದ್ದರೆ ಬಾವಿ.

ನಾನು ಅಳಲಿಲ್ಲ. ಆಸ್ಪತ್ರೆಯಿಂದ ತಂದು ಮಂಚದ ಮೇಲೆ ಕೂರಿಸಿ, ಬಯ್ಯಬೇಕೆಂದು ಬಾಯಿ ತೆರೆದರೆ ಅಪ್ಪನ ಕಥೆ ಬಂತು. ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತೇನೆ.

ಏಳನೇ ಕ್ಲಾಸಿನಲ್ಲಿ ಅಪ್ಪ ಒಂದೇ ಒಂದು ಸಲ ಹಾಸ್ಟೆಲ್‌ಗೆ ಬಂದಿದ್ದ. ಕೈಯಲ್ಲಿ ಮಂಡಕ್ಕಿ, ಮಿರ್ಚಿ. ಕುಡಿದಿದ್ದ. ವಾರ್ಡನ್ ಗೇಟಿನ ಹೊರಗೇ ನಿಲ್ಲಿಸಿ ನನ್ನನ್ನು ಕರೆಸಿ, "ಇವರು ನಿನ್ನ ತಂದೆನಾ?" ಅಂದರು. ಹುಡುಗಿಯರೆಲ್ಲ ನೋಡುತ್ತಿದ್ದರು. ನಾನು, "ಅಲ್ಲ ಮೇಡಂ, ನಮ್ಮೂರಿನವರು" ಅಂದೆ. ಅಪ್ಪ, "ಹೌದ್ರಿ, ಊರಿನವನು" ಅಂದು ಪೊಟ್ಟಣ ಕೊಟ್ಟು ಹೋದ. ಮತ್ತೆ ಬರಲಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ.

ಇವರು ತಮಾಷೆ ಮಾಡಲಿಲ್ಲ. "ಮಿರ್ಚಿ ತಿಂದ್ಯೇನು?" ಅಂದರು.

"ತಿಂದೆ. ಬಾತ್‌ರೂಮಿನಲ್ಲಿ ಬಾಗಿಲು ಹಾಕ್ಕೊಂಡು."

ಎಡಗೈಯಿಂದ ನನ್ನ ತಲೆಯ ಮೇಲೆ ತಟ್ಟಿದರು. ಕುರಿಗೆ ತಟ್ಟಿದ ಹಾಗೆ, ಬೇರೆ ಥರ ಬರುವುದಿಲ್ಲ ಅವರಿಗೆ.

ಅಕ್ಟೋಬರ್ 22

ಬಲಗೈ ಇಲ್ಲದ ದಲ್ಲಾಳಿ ಎಂದರೆ ನಾಲಿಗೆ ಇಲ್ಲದ ಲಾಯರ್. ಎಡಗೈ ಬೆರಳಿಗೆ ಯಾರೂ ರೇಟ್ ಹೇಳುವುದಿಲ್ಲವಂತೆ, ಅಪಶಕುನ. ಮೂರು ವಾರ ಮನೆ.

ಅದಕ್ಕೆ ಇವತ್ತು ಅತ್ತೆ ಹೊರಟರು! ಕೆಂಪು ಟವಲ್ ಹೆಗಲಿಗೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ಕೊಟ್ಟೂರಿಗೆ. ಲ್ಯಾಬ್ ಇಲ್ಲದ ದಿನ, ಹೋದೆ. ಸಂತೆಯವರು ಮೊದಲು ನಕ್ಕರು. ಹುಲುಗೇಶ, "ಅತ್ತಿ, ರೊಟ್ಟಿ ಬಡಿಯೋದು ಬಿಟ್ಟು ಇಲ್ಯಾಕ ಬಂದಿ?" ಅಂದ.

"ರೊಟ್ಟಿ ಬಡದ ಕೈಯಲೇ ಇದು. ನಿನ್ನ ಬೆರಳು ಗಟ್ಟಿ ಅದಾವೇನು, ತಾ ಇಲ್ಲಿ."

ಟವಲ್ ಕೆಳಗೆ ಏನಾಯಿತೋ ಗೊತ್ತಿಲ್ಲ. ಅತ್ತೆ ಬೇವಿನ ಮರ ನೋಡುತ್ತಾ ಇದ್ದರು, ಹುಲುಗೇಶನ ಹಣೆಯಲ್ಲಿ ಬೆವರು. ಹದಿನಾಲ್ಕು ಕುರಿ ಕುದುರಿದವು. ಹೋದ ವಾರ ಎದ್ದುಹೋದ ಮುದುಕನೇ ಇವತ್ತು ಅತ್ತೆಯ ಹಿಂದೆ ಬಂದ. ನೈಂಟಿ ಕೇಳಿದವರಿಗೆಲ್ಲ ಅತ್ತೆ ಮಂಡಕ್ಕಿ, ಮಿರ್ಚಿ, ಚಹಾ ಕೊಡಿಸಿದರು. ಯಾರೂ ಬೇಡ ಅನ್ನಲಿಲ್ಲ.

ಮನೆಗೆ ಬಂದರೆ ಇವರು ಎಡಗೈಯಲ್ಲಿ ಬದನೆಕಾಯಿ ಹೆಚ್ಚಿ ಇಟ್ಟಿದ್ದರು. ಒಂದೊಂದು ಹೋಳು ಒಂದೊಂದು ಜಿಲ್ಲೆಯ ಆಕಾರ. ನಡೆದದ್ದನ್ನೆಲ್ಲ ಹೇಳಿದೆ. ಮಿರ್ಚಿಯ ವಿಷಯ ಬಂದಾಗ, "ಚಹಾಕ್ಕೇ ಒಪ್ಪಿದ್ರೇನು?" ಎಂದು ಎರಡು ಸಲ ಕೇಳಿದರು.

ಅಕ್ಟೋಬರ್ 25

ಇಡೀ ದಿನ ಕೂಡ್ಲಿಗಿಯಲ್ಲಿ. ಪ್ಲಾಸ್ಟರ್ ಸಡಿಲಾಗಿತ್ತು, ಮತ್ತೆ ಎಕ್ಸ್‌ರೇ, ಕ್ಯೂ. ಡಾಕ್ಟರ್ ಬೆರಳು ಅಲುಗಾಡಿಸಿ ಎಂದಾಗ ಇವರು ಗೋಡೆ ನೋಡುತ್ತಾ ಅಲುಗಾಡಿಸಿದರು. ನನಗೆ ನಗು ತಡೆಯಲಾಗದೆ ಹೊರಗೆ ಬಂದೆ. ಬರುವಾಗ ಬಸ್ಸಿನಲ್ಲಿ ಇಬ್ಬರೂ ನಿದ್ದೆ. ಕಂಡಕ್ಟರ್ ಎಬ್ಬಿಸದಿದ್ದರೆ ಚಿತ್ರದುರ್ಗ.

ಏನೋ ಮರೆತ ಹಾಗಿದೆ. ಕುರಿಗಳಿಗೆ ನೀರು? ಇಟ್ಟಿದ್ದೇನೆ.

ಅಕ್ಟೋಬರ್ 28

ರೇಣುಕಾ ಇವತ್ತು, "ಮತ್ತ, ಕೊಟ್ಟೇನು?" ಅಂದಳು. ಏನು ಕೊಡಬೇಕಿತ್ತು ಎಂದು ಅರ್ಧ ನಿಮಿಷ ಹೊಳೆಯಲೇ ಇಲ್ಲ. ಮನೆಗೆ ಬಂದು ಬ್ಯಾಗ್ ಹುಡುಕಿದರೆ ಫಾರಂ ಅಡಿಯಲ್ಲಿತ್ತು, ಒಂದು ಮೂಲೆ ಹೋತದ ಹೊಟ್ಟೆಗೆ ಹೋಗಿತ್ತು. ಹಿಂದೆ ತಿರುಗಿಸಿದರೆ ಅತ್ತೆ ಕಲಿಸಿದ ಬೆರಳುಗಳ ಚಿತ್ರ. ಅವತ್ತು ಕೈಗೆ ಸಿಕ್ಕ ಹಾಳೆ ಇದೇ ಎಂದು ಈಗ ಗೊತ್ತಾಯಿತು. ಹಿಂದೆ ಬೆರಳಿದ್ದ ಅರ್ಜಿಯನ್ನು ಯಾರು ತಗೊಳ್ಳುತ್ತಿದ್ದರು, ಬಿಡು.

ಸಂಜೆ ಇವರೇ ಟವಲ್ ತಂದು ಎದುರು ಕೂತರು.

"ಹಳೇ ವ್ಯಾಪಾರ ಮುರೀತು. ಹೊಸದು ಮಾಡಾನು."

"ನೀವು ಮುರಿದಿಲ್ಲವಲ್ಲ?"

"ನಾ ಮುರದಿಲ್ಲ. ಕೈ ಮುರೀತು." ಟವಲ್ ಮಡಿಕೆ ಬಿಡಿಸುತ್ತಾ, "ನಿಮ್ಮಪ್ಪ ಗೇಟಿನಾಗ ನಿಂತಿದ್ದು ಕಣ್ಮುಂದ ಬರ್ತೈತಲೇ. ನಾ ಅವನ ಜಾಗದಾಗ ನಿಂತಂಗ" ಅಂದರು.

"ದಿನಕ್ಕಾ, ಅಳತೆಗಾ?" ಅಂದೆ.

"ಎರಡಕ್ಕೂ. ಯೂನಿಟ್ ಸಮೇತ. ಕಲ್ತೀನಿ ನಾನೂ."

ಪ್ಲಾಸ್ಟರ್ ಹೊರಗೆ ಉಳಿದಿದ್ದು ಮೂರೇ ಬೆರಳು. ಟವಲ್ ಹಾಸಿದೆ. ಈ ಸಲ ಯಾವ ಬೆರಳೂ ಹಿಡಿಯದೆ ಸೊನ್ನೆಯಿಂದ ಶುರು ಮಾಡಿದೆ. ಇವರು ಗೋಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅದಕ್ಕೇ ನಾನು ಗೋಡೆ ನೋಡಿದೆ. ಬಹಳ ಹೊತ್ತು ಹಿಡಿಯಿತು. ಕೊನೆಗೆ ಮುಷ್ಟಿ ಮಾಡಲು ಬಾರದ ಕೈಯನ್ನು ನಾನೇ ಮಡಚಿ ಒತ್ತಿದೆ.

ಅತ್ತೆ ಒಳಗಿನಿಂದ, "ಎಷ್ಟಕ್ಕ ಕುದುರ್ತು?" ಅಂದರು.

"ಹೇಳಂಗಿಲ್ಲ ಅತ್ತೀ" ಅಂದೆ.

ಸೊನ್ನೆಗೆ ಅಲ್ಲ. ಅಲ್ಲಿಗೆ ಇಳಿಯಲು ಹನ್ನೆರಡು ವರ್ಷ ಹಿಡಿದರೂ ಹಿಡಿಯಬಹುದು. ಇದಿಷ್ಟನ್ನು ಬರೆಯಬಹುದು ಅನ್ನಿಸುತ್ತದೆ. ಟೇಬಲ್‌ನಲ್ಲಿ ಇವತ್ತಿನ ಕಾಲಂ ಖಾಲಿ ಬಿಟ್ಟಿದ್ದೇನೆ. ವಾರ್ಡನ್ ಮೇಡಂ ನೋಡಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರು.

ಎಳೆಯಲಿ.